ಲೈಸೆನ್ಸ್ ಮುಗಿದ ಸಾಫ್ಟ್‌ವೇರ್‌ನಲ್ಲಿ ಸಿಕ್ಕಾಕೊಂಡಿರೋ ಹಳೇ ಮೇಲ್‌ಗಳು, ತೆಗೆಯೋದು ಹೇಗೆ?

ಹಳೇಪೆಟ್ಟಿಗೆ: ಮೂರು ದಿನದಿಂದ ಒದ್ದಾಡ್ತಿದೀನಿ. ಪ್ರೋಗ್ರಾಂ ಓಪನ್ ಮಾಡಿದ್ರೆ ಲೈಸೆನ್ಸ್ ಮುಗಿದಿದೆ ಅಂತ ಬರುತ್ತೆ, ಓಕೆ ಒತ್ತಿದ್ರೆ ಕ್ಲೋಸ್ ಆಗೋಗುತ್ತೆ, ರಿನ್ಯೂ ಮಾಡೋಣ ಅಂದ್ರೆ ಆ ಕಂಪನಿನೇ ಈಗಿಲ್ಲ. 2004ರಿಂದ 2011ರವರೆಗೆ ಅಪ್ಪ ಬರೆದಿದ್ದೆಲ್ಲ ಅದರೊಳಗಿದೆ. ದಯವಿಟ್ಟು ದಾರಿ ಹೇಳಿ.

ಬಿಟ್‌ಬೈರಾಗಿ: ಪಿಎಸ್‌ಟಿ ಫೈಲ್ (ಔಟ್‌ಲುಕ್ ಮೇಲ್ ಕೂಡಿಡೋ ಫೈಲ್) 2 ಜಿಬಿ ದಾಟಿರ್ಬೇಕು. ಔಟ್‌ಲುಕ್ 2002ರವರೆಗೆ ಅಷ್ಟೇ ಮಿತಿ, ದಾಟಿದ್ರೆ ಕೆಡುತ್ತೆ. ಅದನ್ನ ರಿಪೇರಿ ಮಾಡೋ ಸ್ಕ್ಯಾನ್‌ಪಿಎಸ್‌ಟಿ ಓಡಿಸಿ.

ಟರ್ಮಿನಲ್‌ಪ್ರಿಯ: ಒರಿಜಿನಲ್ ಮೇಲೆ ಅದನ್ನ ಓಡಿಸಿ ಅಂತ ಯಾರಿಗೂ ಹೇಳ್ಬೇಡಿ, ಫೈಲನ್ನೇ ತಿದ್ದುತ್ತೆ. ಮೊದಲು ಕಾಪಿ. ಆಮೇಲೆ ಲಿನಕ್ಸಲ್ಲಿ ಪಿಎಸ್‌ಟಿಯಿಂದ ಮೇಲ್ ಹೊರತೆಗೆಯೋ ರೀಡ್‌ಪಿಎಸ್‌ಟಿ ಸಾಕು.

ಬಿಟ್‌ಬೈರಾಗಿ: ಬ್ಯಾಕಪ್ ಮಾಡ್ಲಾ ಅಂತ ಅದೇ ಕೇಳುತ್ತೆ. ಎಲ್ಲರ ಹತ್ರ ಲಿನಕ್ಸ್ ಇರುತ್ತಾ?

ಹಳೇಪೆಟ್ಟಿಗೆ: ಔಟ್‌ಲುಕ್ ಅಂತ ನಾನೆಲ್ಲಿ ಹೇಳ್ದೆ? ಬೇರೆ ಪ್ರೋಗ್ರಾಂ ಅದು. ಎಲ್ಲ ಫೈಲ್ ಕೊನೇಲೂ ಡಿಎಟಿ ಅಂತಿದೆ.

ಬಿಟ್‌ಬೈರಾಗಿ: ಎಕ್ಸ್‌ಟೆನ್ಷನ್ ಬದಲಾಗಿರುತ್ತೆ, ಒಳಗೆ ಪಿಎಸ್‌ಟಿನೇ.

ಟರ್ಮಿನಲ್‌ಪ್ರಿಯ: ಪಿಎಸ್‌ಟಿ ಆಗಿದ್ರೆ ಶುರುವಲ್ಲೇ '!ಬಿಡಿಎನ್' ಇರುತ್ತೆ. ಕಾಪಿನ ನೋಟ್‌ಪ್ಯಾಡಲ್ಲಿ ತೆಗೆದು ಮೊದಲ ಸಾಲು ಏನಿದೆ ಹೇಳಿ.

ಡಿಸ್ಕ್‌ರಾಯ: ನಾನಂತೂ ನಾಸ್‌ನಲ್ಲಿ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ) 4 ಡಿಸ್ಕ್ ಹಾಕಿ ದಿನಾ ರಾತ್ರಿ ಎಲ್ಲ ಅಕೌಂಟ್ ಇಳಿಸ್ತೀನಿ, 1999ರಿಂದ ಒಂದು ಮೇಲೂ ಹೋಗಿಲ್ಲ. ಫೋಟೋ ಹಾಕ್ಲಾ?

ಹಳೇಪೆಟ್ಟಿಗೆ: 'ಫ್ರಮ್' ಅಂತ ಶುರುವಾಗಿ ಅಡ್ರೆಸ್ಸು, ತಾರೀಖು ಇದೆ. ಇಂಗ್ಲಿಷ್ ಓದಕ್ಕಾಗುತ್ತೆ, ಆದ್ರೆ ಅಪ್ಪನ ಕನ್ನಡ ಕಾಗದ ಇರೋ ಕಡೆ ಪುಟಗಟ್ಟಲೆ =ಇ0=ಬಿ2, =ಇ0=ಬಿ3 ಅಂತ ಬರೀ ಇದೇ. ಎಲ್ಲಾ ಹಾಳಾಗಿದೆ ಅನ್ಸುತ್ತೆ.

ಟರ್ಮಿನಲ್‌ಪ್ರಿಯ: ಏನೂ ಹಾಳಾಗಿಲ್ಲ! ಅದೇ ಕನ್ನಡ. ಯುಟಿಎಫ್-8ನಲ್ಲಿ (ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಪದ್ಧತಿ) ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್, ಮೊದಲೆರಡು ಯಾವಾಗ್ಲೂ ಇ0 ಬಿ2 ಇಲ್ಲಾಂದ್ರೆ ಇ0 ಬಿ3. ನಿಮ್ಮದು ಮಾಮೂಲಿ ಎಂಬಾಕ್ಸ್ ಫೈಲು, ಅಂದ್ರೆ ಮೇಲ್‌ಗಳನ್ನ ಒಂದರ ಹಿಂದೊಂದು ಸೇರಿಸಿಟ್ಟ ಟೆಕ್ಸ್ಟ್ ಫೈಲು. ಥಂಡರ್‌ಬರ್ಡ್ (ಉಚಿತ ಮೇಲ್ ಪ್ರೋಗ್ರಾಂ) ಮುಚ್ಚಿ, ಕಾಪಿಯ ಹೆಸರಿಂದ ಡಿಎಟಿ ಅಳಿಸಿ, ಪ್ರೊಫೈಲ್‌ನ ಲೋಕಲ್ ಫೋಲ್ಡರ್ಸ್ ಒಳಗೆ ಹಾಕಿ ಮತ್ತೆ ತೆಗೀರಿ.

ಬಿಟ್‌ಬೈರಾಗಿ: ಸರಿ, ಪಿಎಸ್‌ಟಿ ಅಲ್ಲ. ಆದ್ರೂ 2 ಜಿಬಿ ವಿಷಯ ಸುಳ್ಳಲ್ಲ.

ಹಳೇಪೆಟ್ಟಿಗೆ: ಬಂತು!! 2006ರ ಕಾಗದ, 'ಮಗಾ, ಊಟ ಆಯ್ತಾ' ಅಂತ ಶುರುವಾಗೋದು, ಈಗಷ್ಟೇ ಓದ್ದೆ. ಟರ್ಮಿನಲ್‌ಪ್ರಿಯ ಅವರೇ, ಹೆಂಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ಆದ್ರೆ 2009ರ ಮೇಲಿನ ಫೈಲ್‌ಗಳು ಕಾಣ್ತಿಲ್ಲ, ಅವು 'ಪಿಕೆ' ಅಂತ ಶುರುವಾಗ್ತವೆ.

ಟರ್ಮಿನಲ್‌ಪ್ರಿಯ: ಪಿಕೆ ಅಂದ್ರೆ ಜಿಪ್. ಕಾಪಿಗೆ ಜಿಪ್ ಎಕ್ಸ್‌ಟೆನ್ಷನ್ ಕೊಟ್ಟು ಬಿಚ್ಚಿ.

ಹಳೇಪೆಟ್ಟಿಗೆ: ಪಾಸ್‌ವರ್ಡ್ ಕೇಳ್ತಿದೆ. ನಾನು ಯಾವತ್ತೂ ಇಟ್ಟಿಲ್ಲ.

ಡಿಸ್ಕ್‌ರಾಯ: ಫೋಟೋ ಹಾಕಿದೀನಿ, ಕೇಬಲಿಂಗ್ ನೋಡಿ.

ಹಳೇಪೆಟ್ಟಿಗೆ: ಪಾಸ್‌ವರ್ಡ್ ಬಗ್ಗೆ ಯಾರಿಗಾದ್ರೂ ಗೊತ್ತಾ?