ಸಹಾಯ ಬೇಕು: ಮೂನ್‌ಲೈಟ್ ಸೊನಾಟಾದಲ್ಲಿ ಪೆಡಲ್ ಎಷ್ಟು ಒತ್ತಬೇಕು?

ಬೀಥೋವನ್‌ನ ಈ ಪಿಯಾನೊ ಕೃತಿಯ (ಓಪಸ್ 27, ಸಂಖ್ಯೆ 2) ಮೊದಲ ಭಾಗವನ್ನು ಅಭ್ಯಾಸ ಮಾಡುತ್ತಿದ್ದೇನೆ. (ಮೂನ್‌ಲೈಟ್ ಎಂಬುದು ಅವನಿಟ್ಟ ಹೆಸರಲ್ಲ, ಆದರೆ ಬೇರೆ ಹೆಸರಿನಲ್ಲಿ ಹುಡುಕಿದರೆ ಯಾರಿಗೂ ಸಿಗುವುದಿಲ್ಲ!) ನನ್ನ ಹಳೆಯ ಪ್ರತಿಯಲ್ಲಿ ಸಂಪಾದಕರು ಹೆಜ್ಜೆಹೆಜ್ಜೆಗೂ ಪೆಡಲ್ ಗುರುತು ಹಾಕಿ, ತಾಳವನ್ನು ನಾಲ್ಕು ಎಣಿಕೆಗೆ ಬದಲಿಸಿದ್ದಾರೆ. 1802ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಮೊದಲ ಮುದ್ರಣದಲ್ಲಿರುವುದು ಎರಡೆಣಿಕೆಯ ಆಲ್ಲ ಬ್ರೇವೆ. ಜೊತೆಗೆ ಇಡೀ ಭಾಗವನ್ನು ಅತಿ ಮೃದುವಾಗಿ, ಡ್ಯಾಂಪರ್ (ತಂತಿಯ ನಾದವನ್ನು ತಡೆಯುವ ಮೆತ್ತೆ) ಇಲ್ಲದೆ, ಅಂದರೆ ಪೆಡಲ್ ಒತ್ತಿ ಮೆತ್ತೆಗಳನ್ನು ಎತ್ತಿ ಹಿಡಿದು, ನುಡಿಸಬೇಕೆಂಬ ಸೂಚನೆ. ಜರ್ಮನಿಯ ಬಾನ್ ನಗರದಲ್ಲಿರುವ ಬೀಥೋವನ್‌ನ ಹಸ್ತಪ್ರತಿಯಲ್ಲಿ ಮೊದಲ ಹಾಳೆಯೇ ಇಲ್ಲ, ಆರಂಭದ 13 ಬಾರ್‌ಗಳು (ತಾಳದ ಆವರ್ತಗಳು) ಅದರೊಂದಿಗೇ ಹೋಗಿವೆ. ಹಾಗಾಗಿ ಆರಂಭಕ್ಕೆ ಆ ಮುದ್ರಣವನ್ನೇ ನಂಬಬೇಕು.

ಅಂದಿನ ಪಿಯಾನೊದಲ್ಲಿ ನಾದ ಬೇಗ ಕರಗುತ್ತಿತ್ತು. ನನ್ನ ಇಂದಿನ ವಾದ್ಯದಲ್ಲಿ ಪೆಡಲನ್ನು ಹಾಗೆಯೇ ಒತ್ತಿ ಹಿಡಿದರೆ ಮೂರನೆಯ ಬಾರ್ ದಾಟುವಷ್ಟರಲ್ಲಿ ಎಡಗೈಯ ಮಂದ್ರ ಸ್ವರಗಳು ಒಂದರ ಮೇಲೊಂದು ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಪೆಡಲನ್ನು ಅರ್ಧ ಮಾತ್ರ ಒತ್ತಿದರೆ ಸಾಕೇ? ಮಂದ್ರ ಸ್ವರ ಬದಲಾದಾಗಲೆಲ್ಲ ಪೂರ್ತಿ ಬಿಟ್ಟರೆ ಸೂಚನೆಗೆ ಅರ್ಥವೇ ಉಳಿಯುವುದಿಲ್ಲವಲ್ಲ?

ಇನ್ನೊಂದು: ಐದನೆಯ ಬಾರ್‌ನಲ್ಲಿ ಬಲಗೈ ರಾಗದ ಕಿರುಸ್ವರವನ್ನು ಟ್ರಿಪ್ಲೆಟ್‌ನ (ಮೂರು ಸಮ ಸ್ವರಗಳ ಗುಂಪಿನ) ಕೊನೆಯ ಸ್ವರದ ನಂತರ ನುಡಿಸುತ್ತಿದ್ದೇನೆ. ಎರಡನ್ನೂ ಒಟ್ಟಿಗೇ ನುಡಿಸುವವರು ನಿಮ್ಮಲ್ಲಿದ್ದರೆ ಕಾರಣ ತಿಳಿಸಿ.

ಹೆನ್ಲೆ ಅಥವಾ ಬೇರನ್‌ರೈಟರ್ ಪ್ರಕಾಶಕರ ಆವೃತ್ತಿ ಇರುವವರು ಈ ಎರಡು ಜಾಗಗಳ ಬಗ್ಗೆ ಸಂಪಾದಕರ ಟಿಪ್ಪಣಿ ಏನನ್ನುತ್ತದೆ ಎಂದು ನೋಡಿ ಹೇಳಿದರೆ ದೊಡ್ಡ ಉಪಕಾರ.