ಗೌಡ್ರ ಕಿವಿಗೊಂದು ಬಾಗಿಲು

ಆಷಾಢದ ಮಳೆ ಹಿಡಿದರೆ ನಮ್ಮ ಚಿಕ್ಕಮಗಳೂರಿನಲ್ಲಿ ರಿಟೈರಾದವರಿಗೆ ಹೋಗೋಕೆ ಜಾಗವೇ ಇರುವುದಿಲ್ಲ. ಪಾರ್ಕಿನ ಬೆಂಚು ಒದ್ದೆ, ದೇವಸ್ಥಾನದ ಜಗಲಿ ಥಂಡಿ. ಮನೆಯಲ್ಲೇ ಕೂತರೆ, "ಸುಮ್ನೆ ಕೂತಿದೀರಲ್ಲ, ಈ ಬೆಳ್ಳುಳ್ಳಿ ಬಿಡಿಸಿ" ಅಂತ ಮೊರ ಮುಂದಕ್ಕೆ ಬರುತ್ತದೆ. ಹಾಗಾಗಿ ನಾವು ಮೂರು ಜನ ಸಂಜೆ 4 ಗಂಟೆಗೆ ಇಸ್ಮಾಯಿಲ್ ಭಾಯ್ ಟೈಲರ್ ಅಂಗಡಿ ಸೇರುತ್ತೇವೆ. ಅಲ್ಲಿ ಇಸ್ತ್ರಿ ಪೆಟ್ಟಿಗೆಯ ಕಾವಿದೆ, ಎದುರು ಹೋಟೆಲಿನಿಂದ ಕಾಫಿ ಬರುತ್ತದೆ. ಕಾಫಿ ದುಡ್ಡು ಯಾರು ಕೊಡೋದು ಅನ್ನೋ ಮಾತು ಬಂದಾಗ ಮಾತ್ರ ಯಾರಿಗೂ ಕಿವಿ ಕೇಳಿಸುವುದಿಲ್ಲ.

ನಿಜವಾಗಿ ಕಿವಿ ಮಂದ ಇರುವವರು ಇಬ್ಬರೇ. ಶೇಷಪ್ಪ ಮೇಷ್ಟ್ರು 9 ವರ್ಷದಿಂದ ಎರಡೂ ಕಿವಿಗೆ ಮಿಷಿನ್ ಹಾಕುತ್ತಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಈಗ ಮಕ್ಕಳು ಸಿಗೋದಿಲ್ಲ, ನಾವು ಸಿಗುತ್ತೇವೆ. ಇನ್ನೊಬ್ಬರು ಮಲ್ಲಂದೂರು ಕಡೆ ಸಣ್ಣ ಕಾಫಿ ತೋಟ ಇರುವ ನಿಂಗೇಗೌಡ್ರು. ಇವರದು ಬಲಗಿವಿಗೆ ಒಂದೇ ಮಿಷಿನ್, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಮೊನ್ನೆ ಗೌಡ್ರು ಕೊಡೆ ಮಡಚುತ್ತಲೇ ಒಳಗೆ ಬಂದರು. "ಭಾಯ್, ಮಿಷಿನ್ ಕೆಟ್ಟೋಗಿದೆ. ಒಂದ್ಸಲ ಕುಂಯ್ ಅನ್ನುತ್ತೆ, ಆಮೇಲೆ ಸದ್ದೇ ಇಲ್ಲ."

"ಎರಡು ತೊಟ್ಟು ಎಣ್ಣೆ ಬಿಡಿ ಗೌಡ್ರೆ," ಅಂದರು ಭಾಯ್ ಕತ್ತರಿಯಿಂದ ಕಣ್ಣು ತೆಗೆಯದೆ. "ಮಳೆಗಾಲ ಅಲ್ವಾ, ಬಿಗಿಯಾಗಿರುತ್ತೆ."

ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದೇಬಿಟ್ಟರು. "ರೀ, ಹೊಲಿಗೆ ಮಿಷಿನ್ ಅಲ್ರೀ! ಕಿವಿದು! ಎಣ್ಣೆ ಬಿಟ್ರೆ ಅಲ್ಲಿಗೆ ಅದರ ತಿಥಿ ಮಾಡಬೇಕಷ್ಟೆ."

ಆಗ ಗೊತ್ತಾಯಿತು, ಗೌಡ್ರು ಭಾನುವಾರ ತಲೆಗೆ ಹರಳೆಣ್ಣೆ ತಟ್ಟಿಸಿಕೊಳ್ಳುವಾಗ ಮಿಷಿನ್ ತೆಗೆದೇ ಇರಲಿಲ್ಲ ಅಂತ. ಮೇಷ್ಟ್ರು ಹಣೆ ಹಿಡಿದುಕೊಂಡರು. ಅದರ ಮೈಕಿನ ತೂತು ಸೂಜಿಮೊನೆಯಷ್ಟು. ಎಣ್ಣೆ ಹೋಗಿ ಕೂತರೆ ಮುಗೀತು. ಸ್ನಾನಕ್ಕೆ ಮುಂಚೆ, ಕ್ಷೌರಕ್ಕೆ ಮುಂಚೆ, ಎಣ್ಣೆಗೆ ಮುಂಚೆ ತೆಗೆದಿಡಬೇಕು ಅಂತ ಅವರು ಹೇಳುತ್ತಿದ್ದರೆ ಗೌಡ್ರು ಜೋರಾಗಿ ತಲೆಯಾಡಿಸುತ್ತಿದ್ದರು. ಮಿಷಿನ್ ಮೇಷ್ಟ್ರ ಕೈಯಲ್ಲಿತ್ತು. ಏನೂ ಕೇಳಿಸಿರಲಿಕ್ಕಿಲ್ಲ.

ನಾನೂ ಅವತ್ತೇ ಅದನ್ನು ಹತ್ತಿರದಿಂದ ನೋಡಿದ್ದು. ಕಿವಿ ಹಿಂದೆ ಕೂರುವ ಭಾಗ ಥೇಟ್ ಗೋಡಂಬಿ. ಅದರ ತುದಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕೊಕ್ಕೆ, ಕಿವಿಯ ಮೇಲೆ ನೇತುಬೀಳೋಕೆ. ಕೊಕ್ಕೆಗೆ ಒಂದು ಮೆತ್ತನೆ ಟ್ಯೂಬು, ಟ್ಯೂಬಿನ ತುದಿಗೆ ಕಿವಿಯೊಳಗೆ ಕೂರುವ ಅಚ್ಚು. ಆ ಅಚ್ಚು ಅಂಗಡಿಯಲ್ಲಿ ರೆಡಿಮೇಡ್ ಸಿಗುವುದಲ್ಲ. ಕಿವಿಗೆ ಮೆತ್ತನೆ ಪೇಸ್ಟು ತುಂಬಿ, ಅದು ಗಟ್ಟಿಯಾದ ಮೇಲೆ ತೆಗೆದು, ಅದೇ ಅಳತೆಗೆ ಮಾಡಿದ್ದು.

"ಹಾಗಾದ್ರೆ ನಮ್ಮ ಕೆಲಸಾನೇ," ಅಂದರು ಭಾಯ್. "ಅಳತೆ ತಗೊಂಡು ಹೊಲಿಯೋದು."

ಮೇಷ್ಟ್ರು ಟ್ಯೂಬನ್ನು ಟ್ಯೂಬ್‌ಲೈಟಿಗೆ ಹಿಡಿದರು. ನಾವು ಮೂರೂ ತಲೆ ಬಗ್ಗಿಸಿ ನೋಡಿದೆವು. ಟ್ಯೂಬು ಬಾಗುವ ಜಾಗದಲ್ಲಿ ಒಂದೇ ಒಂದು ಹನಿ ನೀರು. ಅಲುಗಾಡಿಸಿದರೆ ಅತ್ತ ಹೋಗುತ್ತೆ, ಇತ್ತ ಬರುತ್ತೆ, ಬೀಳೋದಿಲ್ಲ. ಆನೆಯಂಥ ಗೌಡ್ರ ಕಿವಿಗೆ ಅಡ್ಡ ನಿಂತಿದ್ದು ಅಷ್ಟು ಹನಿ.

"ಕೊಡೆ ಹಿಡ್ಕಂಡೇ ಬಂದೆನಲ್ಲ ಮೇಷ್ಟ್ರೆ, ನೀರು ಎಲ್ಲಿಂದ ಬಂತು?"

"ಮಳೇದಲ್ಲ, ನಿಮ್ದೇ. ಕಿವಿಯೊಳಗಿನ ಗಾಳಿ ಬೆಚ್ಚಗೆ, ಒದ್ದೆ. ಹೊರಗಡೆ ಟ್ಯೂಬು ತಣ್ಣಗೆ. ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿನ ಗಾಜಿನ ಒಳಗೆ ನೀರು ಕೂರಲ್ವಾ? ಹಾಗೇ."

ಅವರು ಒಂದು ಕೈಯಲ್ಲಿ ಕೊಕ್ಕೆ ಹಿಡಿದು, ಇನ್ನೊಂದು ಕೈಯಿಂದ ಟ್ಯೂಬನ್ನು ಮೆಲ್ಲಗೆ ತಿರುಗಿಸಿ ಎಳೆದರು. ಜೇಬಿನಿಂದ ನಿಂಬೆಹಣ್ಣಿನ ಗಾತ್ರದ ರಬ್ಬರ್ ಬುರುಡೆ ತೆಗೆದರು. ಅದರ ಮೂತಿಯನ್ನು ಟ್ಯೂಬಿಗೆ ಇಟ್ಟು ಪುಸ್ ಅಂತ ಒತ್ತಿದರು. ಹನಿ ಹಾರಿ ಹೋಗಿ ಭಾಯ್ ಕತ್ತರಿಸುತ್ತಿದ್ದ ಬ್ಲೌಸ್ ಪೀಸಿನ ಮೇಲೆ ಬಿತ್ತು.

"ಮದುವೆ ಬ್ಲೌಸ್ ಮೇಷ್ಟ್ರೆ!"

"ತೀರ್ಥ ಅಂದ್ಕೊಳ್ಳಿ."

ಅಚ್ಚಿನ ತೂತಿನಲ್ಲಿ ಗುಗ್ಗೆ ಬೇರೆ ಮೆತ್ತಿಕೊಂಡಿತ್ತು. ಟ್ಯೂಬು ಹಳದಿ ತಿರುಗಿ ಪೈಪಿನಂತೆ ಗಟ್ಟಿಯಾಗಿತ್ತು. "ಇದನ್ನ ಬದಲಾಯಿಸಿ ಎಷ್ಟು ದಿನ ಆಯ್ತು?" ಅಂದರೆ ಗೌಡ್ರು, "ಬದಲಾಯಿಸ್ತಾರಾ?" ಅಂದರು. ಮೂರರಿಂದ ಆರು ತಿಂಗಳಿಗೆ ಒಂದು ಸಲ ಬದಲಾಯಿಸಬೇಕಂತೆ. ಅಚ್ಚನ್ನು ಮಿಷಿನ್ನಿನಿಂದ ಬಿಡಿಸಿ ಉಗುರುಬೆಚ್ಚಗಿನ ನೀರಿಗೆ ಚೂರು ಸೋಪು ಹಾಕಿ ತೊಳೀಬಹುದು. ಆದರೆ ಗೋಡಂಬಿಗೆ ನೀರು ಸೋಕಬಾರದು. ಅದಕ್ಕೇನಿದ್ದರೂ ಒಣಬಟ್ಟೆ.

ಗೋಡಂಬಿಗೆ ನೀರು ಸೋಕಬಾರದು ಅನ್ನೋದು ಗೌಡ್ರಿಗೆ ಚೆನ್ನಾಗಿ ಗೊತ್ತು. ಇದು ಅವರ ಎರಡನೇ ಮಿಷಿನ್. ಮೊದಲನೇದು ಹೋದ ಮಳೆಗಾಲದಲ್ಲಿ ಹೋಯಿತು. ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿಸುತ್ತಿದ್ದರು, ಕಂಬಳಿ ಕೊಪ್ಪೆಯೊಳಗೂ ನೀರು ಇಳಿಯಿತು. ಮನೆಗೆ ಬಂದು ಹೆಂಡತಿ ಕೈಗೆ ಕೊಟ್ಟರು. ಮಲೆನಾಡಿನಲ್ಲಿ ಒದ್ದೆಯಾದದ್ದಕ್ಕೆಲ್ಲ ಒಂದೇ ಔಷಧ, ಬಚ್ಚಲ ಒಲೆ. ಒಳಚಡ್ಡಿ, ಕಾಲುಚೀಲ, ಮೊಮ್ಮಗಳ ಸ್ಕೂಲ್ ಶೂ, ಎಲ್ಲಾ ಅಲ್ಲಿನ ದಾರದಲ್ಲಿ. ಸಾಲಿನ ಕೊನೆಗೆ ಮಿಷಿನ್ನೂ ನೇತಾಡಿತು. ಬೆಳಿಗ್ಗೆ ನೋಡಿದರೆ ಗೋಡಂಬಿ ಹೋಗಿ ಒಣದ್ರಾಕ್ಷಿ.

"ಅವಳು ತಪ್ಪು ಮಾಡ್ಲಿಲ್ಲ ಕಣ್ರೀ," ಅಂದರು ಗೌಡ್ರು. ಮಿಷಿನ್ ಈಗ ಮತ್ತೆ ಕಿವಿಯಲ್ಲಿತ್ತು, ಮಾತು ಸರಿಯಾಗಿ ಬರುತ್ತಿತ್ತು. "ಕಾಲುಚೀಲ ಚೆನ್ನಾಗೇ ಒಣಗಿತ್ತು."

ಈ ಸಲದ ಮಿಷಿನ್ನಿಗೆ ಅವರ ಮನೆಯವರು ಬೇರೆ ಉಪಾಯ ಮಾಡಿದ್ದರು. ಮಳೆಗಾಲದಲ್ಲಿ ಮನೆಯೊಳಗೆ ಒಣಗಿರುವ ಡಬ್ಬಿ ಅಂದರೆ ಕಾಫಿಪುಡಿ ಡಬ್ಬಿ ಒಂದೇ. ರಾತ್ರಿ ಅದರೊಳಗೆ! ನಾಲ್ಕು ದಿನ ಗೌಡ್ರಿಗೆ ಎಲ್ಲರ ಮಾತೂ ಘಮಘಮ. ಮೇಷ್ಟ್ರು ನಗುತ್ತಲೇ ತಮ್ಮ ಡಬ್ಬಿ ತೋರಿಸಿದರು. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಬಿಗಿ ಮುಚ್ಚಳ, ಒಳಗೆ ಸಬ್ಬಕ್ಕಿಯಂಥ ನೀಲಿ ಹರಳು, ಸಿಲಿಕಾ ಜೆಲ್. ತೇವ ಕುಡಿದು ಕುಡಿದು ಅದು ಗುಲಾಬಿ ಬಣ್ಣಕ್ಕೆ ಬಂದರೆ ಹೊಟ್ಟೆ ತುಂಬಿತು ಅಂತ ಲೆಕ್ಕ. ನಮ್ಮೂರಿನ ಮಳೆಗೆ ಅದು ಬೇಗ ಗುಲಾಬಿಯಾಗುತ್ತದೆ. ಅಕ್ಕಿ ಡಬ್ಬಿ ಆಗಲ್ವಾ ಅಂತ ಕೇಳಿ ನಾನೂ ಬೈಸಿಕೊಂಡೆ. ಅಕ್ಕಿಯ ಹುಡಿ ತೂತಿಗೆ ಹೋಗುತ್ತದಂತೆ.

ಸೆಲ್ಲಿನ ಕಥೆ ಇನ್ನೂ ಚೆಂದ. ಇದರ ಸೆಲ್ಲು ಆರಾರು ಇರುವ ಚೀಟಿಯಲ್ಲಿ ಬರುತ್ತದೆ, ಪ್ರತಿಯೊಂದರ ಬೆನ್ನಿಗೂ ಬಣ್ಣದ ಸ್ಟಿಕ್ಕರು. ಗೌಡ್ರದು 13ನೇ ನಂಬರ್, ಕಿತ್ತಳೆ ಬಣ್ಣ. ಮೇಷ್ಟ್ರದು 675, ನೀಲಿ. ದೊಡ್ಡ ಸೆಲ್ಲು, ದೊಡ್ಡ ಕಿವುಡು ಅಂತ ಅವರೇ ಹೇಳಿಕೊಳ್ಳುತ್ತಾರೆ. ಗೌಡ್ರು ಮುಂದಾಲೋಚನೆಯ ಮನುಷ್ಯ. ಪದೇಪದೇ ಯಾಕೆ ಉಗುರು ಹಾಕಿ ಕೀಳೋದು ಅಂತ ಆರಕ್ಕೆ ಆರರ ಸ್ಟಿಕ್ಕರನ್ನೂ ಒಂದೇ ದಿನ ಕಿತ್ತು ಇಟ್ಟಿದ್ದರು. ಮೂರನೇ ಸೆಲ್ಲು ಹಾಕುವ ಹೊತ್ತಿಗೆ ಉಳಿದವೆಲ್ಲ ಸತ್ತಿದ್ದವು.

"ಆ ಸ್ಟಿಕ್ಕರಿನ ಕೆಳಗೆ ಸಣ್ಣ ತೂತು ಇರುತ್ತೆ," ಅಂದರು ಮೇಷ್ಟ್ರು. "ಒಳಗೆ ಸತು. ಹೊರಗಿನ ಗಾಳಿ ಸೋಕಿದ್ರೇನೇ ಕರೆಂಟು. ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಒಂದ್ಸಲ ಕಿತ್ರೆ ಮುಗೀತು, ಮತ್ತೆ ಅಂಟಿಸಿದ್ರೂ ನಿಲ್ಲಲ್ಲ."

"ಕಾಫಿ ಹೂ ಇದ್ದಂಗೆ," ಅಂದರು ಗೌಡ್ರು. "ಒಂದು ಮಳೆ ಬಿದ್ರೆ ತೋಟಕ್ಕೆ ತೋಟಾನೇ ಅರಳುತ್ತೆ. ನಿಲ್ಲು ಅಂದ್ರೆ ನಿಲ್ಲುತ್ತಾ?"

ಈ ಹೋಲಿಕೆಗೆ ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟರು. ಒಂದು ವಿಷಯಕ್ಕೆ ಮಾತ್ರ ಅವರ ಮುಖ ಗಂಭೀರವಾಯಿತು. ಸತ್ತ ಸೆಲ್ಲನ್ನು ಗೌಡ್ರು ಕಿಟಕಿ ಮೇಲೆ, ಬಿ.ಪಿ. ಮಾತ್ರೆಯ ಪಕ್ಕದಲ್ಲೇ ಇಡುತ್ತಾರಂತೆ. ಮನೆಯಲ್ಲಿ ಪುಟ್ಟ ಮೊಮ್ಮಗ ಓಡಾಡುತ್ತಾನೆ. ಮಾತ್ರೆ ಅಂತ ದೊಡ್ಡವರೇ ನುಂಗಿದ್ದೂ ಉಂಟು. ಗಂಟಲಲ್ಲಿ ಸಿಕ್ಕಿಕೊಂಡರೆ ಒಳಗೇ ಸುಡುತ್ತದೆ. ನಾಣ್ಯ ನುಂಗಿದಾಗ ಬಾಳೆಹಣ್ಣು ತಿನ್ನಿಸಿ ಕಾಯುತ್ತಾರಲ್ಲ, ಇಲ್ಲಿ ಹಾಗೆ ಕಾಯುವಂತಿಲ್ಲ. ನೆಟ್ಟಗೆ ಆಸ್ಪತ್ರೆಗೆ ಓಡಬೇಕು. ಭಾಯ್ ತಕ್ಷಣ ಒಂದು ಖಾಲಿ ಗುಂಡಿ ಡಬ್ಬಿ ತೆಗೆದು, "ಇದರಲ್ಲಿ ಹಾಕಿಡಿ" ಅಂತ ಗೌಡ್ರ ಕೈಗೆ ಕೊಟ್ಟರು.

ಅಷ್ಟರಲ್ಲಿ ಕಾಫಿ ಬಂತು. ಗೌಡ್ರು ಮಂಕಿ ಕ್ಯಾಪ್ ಎಳೆದುಕೊಂಡರು, ಮಿಷಿನ್ ಮತ್ತೆ ಕುಂಯ್ ಅಂದಿತು. ಗಣಪತಿ ಪೆಂಡಾಲಿನ ಮೈಕು ಸ್ಪೀಕರಿನ ಹತ್ತಿರ ಹೋದರೆ ಕಿರುಚುತ್ತದಲ್ಲ, ಇದೂ ಅದೇ. ಕಿವಿಯೊಳಗಿನ ಸದ್ದು ಸೋರಿ ಬಂದು ಮತ್ತೆ ಮೈಕಿಗೆ ಸೇರುತ್ತದೆ. ಅಚ್ಚು ಸರಿಯಾಗಿ ಕೂತಿಲ್ಲ ಅಂದರೆ ಹೀಗೆ, ಟೋಪಿ ಒತ್ತಿದರೂ ಹೀಗೆ. ಟೋಪಿ ಉಜ್ಜಿದರೆ ಪರಪರ ಅಂತ ಬೇರೆ. ಈ ಚಳಿಗೆ ಟೋಪಿ ಬಿಡೋಕಾಗುತ್ತಾ? ಭಾಯ್ ಟೋಪಿ ಕಸಿದುಕೊಂಡು ಬಲಗಿವಿಯ ಜಾಗಕ್ಕೆ ಒಂದು ಸುತ್ತು ಕತ್ತರಿ ಆಡಿಸಿ, ಅಂಚು ಹೊಲಿದು ಕೊಟ್ಟರು. ಅಳತೆ ತಪ್ಪಲಿಲ್ಲ.

ಗೌಡ್ರಿಗೆ ಕಿವಿ ಮಂದವಾದದ್ದು ಗೊತ್ತಾಗಿದ್ದು ಉಪ್ಪಿನಿಂದ. ಹೆಂಡತಿ "ಸೊಪ್ಪು ತನ್ನಿ" ಅಂದರೆ 2 ಕಿಲೋ ಉಪ್ಪು ತಂದಿದ್ದರು. ಎರಡು ಸಲ. ವಯಸ್ಸಾದಂತೆ ಮೊದಲು ಜಾರುವುದು ಸಣ್ಣ ದನಿಯ ಅಕ್ಷರಗಳು, ಸ, ಶ ಇಂಥವು. ಅ, ಓ ಎಲ್ಲ ಕೇಳುತ್ತಿರುತ್ತವೆ. ಅದಕ್ಕೇ ಎಲ್ಲರೂ ಹೇಳೋದು ಒಂದೇ ಮಾತು, "ಸದ್ದು ಕೇಳುತ್ತೆ, ಮಾತು ಗೊತ್ತಾಗಲ್ಲ." ಎದುರಿನವರು ಕಿರುಚಿದರೆ ಓ ಇನ್ನೂ ಜೋರಾಗುತ್ತದೆ, ಸ ಎಲ್ಲಿತ್ತೋ ಅಲ್ಲೇ. ಮುಖ ಕೊಟ್ಟು ನಿಧಾನವಾಗಿ ಮಾತಾಡಿದರೆ ಸಾಕು. ನಾವು ಮಾತ್ರ ಬೆನ್ನು ಹಾಕಿಕೊಂಡು ಕಿರುಚುತ್ತೇವೆ.

ಮಗ ಅವರನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದ. ಮಾನಸಗಂಗೋತ್ರಿಯಲ್ಲಿದೆ, 1965ರಲ್ಲಿ ಶುರುವಾದದ್ದು. ಸದ್ದೇ ಬರದ ಕೋಣೆಯಲ್ಲಿ ಕೂರಿಸಿ, ಕುಂಯ್ ಅಂತ ಕೇಳಿದಾಗ ಬಟನ್ ಒತ್ತಿ ಅಂದರಂತೆ. ಆ ನಿಶ್ಶಬ್ದದಲ್ಲಿ ಗೌಡ್ರು ತಮ್ಮ ಎದೆಬಡಿತಕ್ಕೂ ಒತ್ತಿದರು. ಕೊನೆಗೆ ಕೈಗೆ ಬಂದದ್ದು ಒಂದು ಗ್ರಾಫು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಗೆರೆ ಮೊದಲು ಸಮ, ಆಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದ ಹಾಗೆ ಇಳಿಯಿತು.

"ಪರೀಕ್ಷೆಯಲ್ಲಿ ಸೊನ್ನೆ ಬಂದಿದ್ದು ಅದೇ ಮೊದಲಲ್ಲ," ಅಂದರು ಗೌಡ್ರು.

ನನಗನ್ನಿಸುವುದು, ಇಷ್ಟೆಲ್ಲ ಆದರೂ ಮಿಷಿನ್ ಮೇಜಿನ ಡ್ರಾಯರಿನಲ್ಲಿ ಮಲಗೋದಕ್ಕೆ ಕಾರಣ ಸೆಲ್ಲೂ ಅಲ್ಲ, ಮಳೆಯೂ ಅಲ್ಲ. ಕನ್ನಡಕ ಹಾಕಿದವನನ್ನು ಊರು ಪಂಡಿತ ಅನ್ನುತ್ತದೆ. ಮಿಷಿನ್ ಹಾಕಿದವನನ್ನು ಪಾಪ ಅನ್ನುತ್ತದೆ. ಇದರ ಜೊತೆಗೆ ಮೊದಲ ವಾರ ತಲೆ ಕೆಡುತ್ತದೆ. ಚಪ್ಪಲಿ ಸದ್ದು, ಪೇಪರು ಮಡಚೋ ಸದ್ದು, ಫ್ರಿಜ್ಜು, ಹಂಡೆಯೊಳಗಿಂದ ಬಂದಂಥ ತನ್ನದೇ ದನಿ. ಮಿದುಳು ಅವನ್ನೆಲ್ಲ ಮರೆತಿರುತ್ತದೆ, ಮತ್ತೆ ಕಲಿಯೋಕೆ ಹೊತ್ತು ಬೇಕು. ದಿನಕ್ಕೆ ಒಂದೆರಡು ತಾಸು ಮನೆಯಲ್ಲಿ ಶುರು ಮಾಡಿ ಜಾಸ್ತಿ ಮಾಡುತ್ತಾ ಹೋಗಬೇಕು ಅನ್ನೋದು ಮೇಷ್ಟ್ರ ಪಾಠ. ಗೌಡ್ರು ಮೊದಲ ದಿನವೇ ಹಾಕಿಕೊಂಡು ಹೋಗಿದ್ದು ಮದುವೆ ಛತ್ರಕ್ಕೆ. ವಾಲಗ ಶುರುವಾದಾಗ ಮಿಷಿನ್ ಜೇಬಿಗೆ ಹೋಯಿತು.

"ಅದಲ್ಲ ನನ್ನ ಕಷ್ಟ," ಅಂದರು ಗೌಡ್ರು ತಗ್ಗಿದ ದನಿಯಲ್ಲಿ. "ನಮ್ಮನೆಯವಳು ಪಾತ್ರೆ ತೊಳೀತಾ ಏನೋ ಗುನುಗ್ತಾ ಇರ್ತಾಳೆ. ದೇವರನಾಮ ಅಂದ್ಕೊಂಡಿದ್ದೆ, ಎಷ್ಟೋ ವರ್ಷದಿಂದ. ಬಂದವರ ಹತ್ರ ಹೇಳ್ಕೊಂಡೂ ಇದ್ದೆ, ನಮ್ಮವಳು ಭಾರಿ ಭಕ್ತೆ ಅಂತ. ಮಿಷಿನ್ ಹಾಕಿದ ಮೇಲೆ ಸರಿಯಾಗಿ ಕೇಳಿಸ್ತು."

"ಯಾವ ಹಾಡು?"

"ಹಾಡಲ್ಲ ಮಾರಾಯ್ರೆ. ನನ್ನ ಅಪ್ಪನಿಂದ ಶುರುವಾಗುತ್ತೆ."

ಭಾಯ್ ಕತ್ತರಿ ಕೆಳಗಿಟ್ಟು ನಕ್ಕರು. ಮೇಷ್ಟ್ರು ಕಣ್ಣೊರೆಸಿಕೊಂಡು, ಕಿವುಡಿಗೆ ಮಿಷಿನ್ ಇದೆ, ಜಾಣಕಿವುಡಿಗೆ ಇಲ್ಲ ಅಂದರು. ಗೌಡ್ರು ಒಪ್ಪಲಿಲ್ಲ. ಅದಕ್ಕೂ ಇದೆಯಂತೆ. ಸೆಲ್ಲು ಕೂರುವ ಪುಟ್ಟ ಬಾಗಿಲನ್ನು ಉಗುರಿನಲ್ಲಿ ಮೀಟಿದರೆ ಮಿಷಿನ್ ಬಂದ್. ರಾತ್ರಿ ಮಲಗುವಾಗ ಸೆಲ್ಲು ಉಳಿಯಲಿ, ಒಳಗಿನ ತೇವ ಆರಲಿ ಅಂತ ತೆಗೆದಿಡಲು ಮೇಷ್ಟ್ರೇ ಕಲಿಸಿದ್ದು. ಗೌಡ್ರು ಅದನ್ನು ಪಾತ್ರೆ ತೊಳೆಯುವ ಹೊತ್ತಿಗೂ ವಿಸ್ತರಿಸಿದ್ದರು.

ಮಳೆ ಚೂರು ಕಮ್ಮಿಯಾಯಿತು. ಗೌಡ್ರು ಕೊಡೆಗೆ ಕೈ ಹಾಕಿದರು.

"ಗೌಡ್ರೆ," ಅಂದರು ಭಾಯ್. "ಯುಗಾದೀಲಿ ಹೊಲಿದ ಎರಡು ಶರ್ಟಿಂದು..."

ಗೌಡ್ರ ಹೆಬ್ಬೆರಳು ಕಿವಿ ಹಿಂದಕ್ಕೆ ಹೋಯಿತು. ಟಕ್.

ಭಾಯ್ ಬೇಜಾರು ಮಾಡಿಕೊಳ್ಳಲಿಲ್ಲ. ಸೀಮೆಸುಣ್ಣ ತಗೊಂಡು ಒಂದು ಕಪ್ಪು ಚಿಂದಿಯ ಮೇಲೆ ದೊಡ್ಡದಾಗಿ 700 ಅಂತ ಬರೆದು ಗೌಡ್ರ ಮುಖದ ಮುಂದೆ ಹಿಡಿದರು.

ಗೌಡ್ರು ಹತ್ತಿರ ಬಂದು ನೋಡಿದರು. ದೂರ ಸರಿದು ನೋಡಿದರು. "ಥೋ, ಕನ್ನಡಕ ಮನೇಲೇ ಮರೆತು ಬಂದೆ ಭಾಯ್," ಅಂತ ಕೊಡೆ ಬಿಚ್ಚಿ ಹೊರಟರು.