ಸುಬ್ಬಣ್ಣನವರ ಬಾಚಣಿಗೆ

ಸುಬ್ಬಣ್ಣನವರು ಜೇಬಿನಿಂದ ಬಾಚಣಿಗೆಯನ್ನು ತೆಗೆದು, ವರ್ಷಗಳಿಂದ ಒಂದು ಕೂದಲನ್ನೂ ಕಾಣದ ತಮ್ಮ ನೆತ್ತಿಯ ಮೇಲೆ ಅತ್ಯಂತ ಗಂಭೀರವಾಗಿ ಎಳೆದುಕೊಂಡಾಗ, ಅಂದಿನ ಹರಟೆಗೆ ವಿಷಯ ಹುಡುಕುವ ಕಷ್ಟ ನಮಗೆ ತಪ್ಪಿತು.

“ಇದು ಅಭ್ಯಾಸಬಲವೋ, ಗತವೈಭವದ ಸ್ಮರಣೆಯೋ?” ಎಂದು ರಾಯರು ವಿಚಾರಿಸಿದರು.

“ಎರಡೂ ಅಲ್ಲ ರಾಯರೇ. ಬೇಕಾದದ್ದು ಆಗಲೇ ಸಿಕ್ಕಿದೆಯೆಂಬಂತೆ ನಡೆದುಕೊಂಡರೆ ಅದು ತಾನಾಗಿಯೇ ಬರುತ್ತದಂತೆ. ‘ನನ್ನ ತಲೆಯಲ್ಲಿ ಕೂದಲು ದಟ್ಟವಾಗಿದೆ’ ಎಂದು ದಿನವೂ 21 ಸಲ ಬರೆಯುತ್ತಿದ್ದೇನೆ. ವರ್ತಮಾನಕಾಲದಲ್ಲಿಯೇ ಬರೆಯಬೇಕು, ‘ಬೆಳೆಯಲಿ’ ಎಂದರೆ ಇನ್ನೂ ಬೆಳೆದಿಲ್ಲವೆಂಬುದು ವಿಶ್ವಕ್ಕೆ ತಿಳಿದುಬಿಡುತ್ತದೆ.”

“ಅಂದರೆ ವಿಶ್ವಕ್ಕೆ ವ್ಯಾಕರಣ ಚೆನ್ನಾಗಿ ಬರುತ್ತದೆ, ಕಣ್ಣು ಮಾತ್ರ ಕಾಣುವುದಿಲ್ಲ.”

ಶಾಸ್ತ್ರಿಗಳು ಸುಬ್ಬಣ್ಣನವರ ಪಕ್ಷ ವಹಿಸಿದರು. ಆಸೆಯೆಂಬುದು ಒಂದು ವಿಚಿತ್ರವಾದ ಸರಪಳಿ, ಅದರಿಂದ ಕಟ್ಟಿಸಿಕೊಂಡವರು ಓಡುತ್ತಾರೆ, ಬಿಡಿಸಿಕೊಂಡವರು ಹೆಳವರಂತೆ ನಿಂತುಬಿಡುತ್ತಾರೆ ಎಂಬ ಹಳೆಯ ಸುಭಾಷಿತವನ್ನು ಅವರು ರಾಗವಾಗಿ ಹೇಳಿ, ಓಡಾಟವಿಲ್ಲದೆ ಬದುಕೆಲ್ಲಿದೆ ಎಂದು ಕೇಳಿದರು.

“ಓಡಲಿ, ಬೇಡವೆಂದವರು ಯಾರು?” ಎಂದರು ರಾಯರು. “ಸುಬ್ಬಣ್ಣನವರು ಕುಳಿತಲ್ಲೇ ತಲುಪಿದ್ದೇನೆಂದು ಬರೆಯುತ್ತಿದ್ದಾರಲ್ಲ, ತಕರಾರು ಅದಕ್ಕೆ. ತೂಕ ಇಳಿಸಲು ಹೊರಟ ಮಹಿಳೆಯರ ಮೇಲೆ ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ನಡೆಸಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಇಳಿಸಬಲ್ಲೆನೆಂದು ನಂಬಿದವರು ಹೆಚ್ಚು ಇಳಿಸಿದರು; ತೆಳ್ಳಗಾದ ತಮ್ಮ ರೂಪವನ್ನು ಕಲ್ಪಿಸಿಕೊಂಡು ಹಿಗ್ಗಿದವರು ಕಡಿಮೆ ಇಳಿಸಿದರು. ಕನಸಿನಲ್ಲೇ ಬಹುಮಾನ ಸಿಕ್ಕಿದ ಮೇಲೆ ಮೈ ಯಾಕೆ ಬೆವರಬೇಕು?”

ಮೇಷ್ಟ್ರು ಇಷ್ಟಕ್ಕೆ ಸುಮ್ಮನಾಗುವವರಲ್ಲ. ಕರ್ಟ್ ರಿಕ್ಟರ್ ಎಂಬ ವಿಜ್ಞಾನಿ ನೀರು ತುಂಬಿದ ಗಾಜಿನ ಜಾಡಿಗಳಲ್ಲಿ ಇಲಿಗಳನ್ನು ಬಿಟ್ಟು, 1957ರಲ್ಲಿ ವರದಿ ಮಾಡಿದ ಪ್ರಯೋಗವನ್ನು ಅವರು ಮುಂದಿಟ್ಟರು. ಕಾಡು ಇಲಿಗಳು ಕೆಲವೇ ನಿಮಿಷಗಳಲ್ಲಿ ಸತ್ತವು. ಆದರೆ ಮೊದಲು ಕೆಲವು ಸಲ ಎತ್ತಿ ಬಿಡಿಸಿದ ಇಲಿಗಳು, ಮತ್ತೆ ಯಾರೋ ಎತ್ತಿಯಾರೆಂಬಂತೆ, ಗಂಟೆಗಟ್ಟಲೆ ಈಜಿದವು.

“ಇಲಿಗಿರುವ ಭರವಸೆ ಮನುಷ್ಯನಿಗೆ ಬೇಡವೇ?”

“ಬೇಕು ಮೇಷ್ಟ್ರೇ. ಆದರೆ ಜಾಡಿಗೆ ಹಾಕಿದ ಕೈಯನ್ನೇ ಆ ಇಲಿ ಕಾಯುತ್ತಿತ್ತಲ್ಲ, ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ಪೀಡೆಗಳನ್ನು ತುಂಬಿಟ್ಟ ಪಾತ್ರೆಯನ್ನು ತೆರೆದುಬಿಟ್ಟಳಲ್ಲ, ಗ್ರೀಕ್ ಪುರಾಣದ ಆ ಪ್ಯಾಂಡೊರಳದೂ ಮೂಲದಲ್ಲಿ ಜಾಡಿಯೇ. ಅದು ಪೆಟ್ಟಿಗೆಯಾದದ್ದು 16ನೆಯ ಶತಮಾನದ ವಿದ್ವಾಂಸ ಎರಾಸ್ಮಸನ ಅನುವಾದದಿಂದ. ಪೀಡೆಗಳೆಲ್ಲ ಹಾರಿಹೋದ ಮೇಲೆ ಭರವಸೆಯೊಂದು ಒಳಗೆ ಉಳಿಯಿತೆಂದು ಎಲ್ಲರೂ ಸಂತೋಷಪಡುತ್ತಾರೆ. ಪೀಡೆಗಳ ಜಾಡಿಯಲ್ಲಿ ಅದಕ್ಕೇನು ಕೆಲಸವಿತ್ತು? ಮದ್ದೆಂದು ಇಟ್ಟಿದ್ದರೋ, ಅದೂ ಒಂದು ಪೀಡೆಯೆಂದೇ ತುಂಬಿದ್ದರೋ? ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ, ಸುಬ್ಬಣ್ಣನವರು ಮಾತ್ರ ಬಾಚಣಿಗೆಯನ್ನೇ ಕೊಂಡುಬಿಟ್ಟಿದ್ದಾರೆ!”

ನಾವೆಲ್ಲ ನಕ್ಕೆವು, ಎಲ್ಲರಿಗಿಂತ ಹೆಚ್ಚು ಸುಬ್ಬಣ್ಣನವರೇ ನಕ್ಕರು. ಆ ಉತ್ಸಾಹದಲ್ಲಿ ರಾಯರು ಪಕ್ಕದಲ್ಲಿದ್ದ ಅವರ ನೋಟ್‌ಬುಕ್ಕನ್ನು ಎತ್ತಿಕೊಂಡು, ವಿಶ್ವಕ್ಕೆ ಸಲ್ಲಿಸಿದ ಅರ್ಜಿಯ ಅಕ್ಷರವಾದರೂ ದುಂಡಗಿದೆಯೇ ನೋಡೋಣವೆಂದು ಮೊದಲ ಪುಟವನ್ನು ತೆರೆದರು. ಅಲ್ಲಿ ಕೂದಲಿನ ಮಾತೇ ಇರಲಿಲ್ಲ. ‘ಜಾನಕಿ ಪೂರ್ತಿ ಗುಣವಾಗಿದ್ದಾಳೆ’ ಎಂದು 21 ಸಾಲುಗಳಿದ್ದವು. ಮುಂದಿನ ಪುಟದಲ್ಲಿಯೂ ಅದೇ, ಅದರ ಮುಂದಿನದರಲ್ಲಿಯೂ ಅದೇ. ಸುಮಾರು ಅರ್ಧ ಪುಸ್ತಕ ಕಳೆದ ಮೇಲೆ ಒಂದು ಹಾಳೆ ಖಾಲಿಯಾಗಿತ್ತು. ಕೂದಲು ಅದರ ನಂತರ ಆರಂಭವಾಗಿತ್ತು.

ಜಾನಕಮ್ಮನವರು ತೀರಿಕೊಂಡು ಆಗಲೇ ಎರಡು ವರ್ಷಗಳಾಗಿದ್ದವು.

“ಬರೆಯುವ ಅಭ್ಯಾಸ ಬಿಡಲಾಗಲಿಲ್ಲ,” ಎಂದರು ಸುಬ್ಬಣ್ಣನವರು, ನೋಟ್‌ಬುಕ್ಕಿಗಾಗಿ ಕೈ ಚಾಚುತ್ತ. “ಕೂದಲಾದರೆ ಬಾರದಿದ್ದರೂ ಯಾರಿಗೂ ನಷ್ಟವಿಲ್ಲ ನೋಡಿ.”

ರಾಯರು ನೋಟ್‌ಬುಕ್ಕನ್ನು ಮುಚ್ಚಿ ಹಿಂದಿರುಗಿಸಿದರು. ಸುಬ್ಬಣ್ಣನವರು ಬಾಚಣಿಗೆಯನ್ನು ಜೇಬಿಗೆ ಸೇರಿಸಲು ಹೊರಟಾಗ ಅವರ ಕೈ ಹಿಡಿದು ತಡೆದು, ಆ ಬರಿಯ ನೆತ್ತಿಯನ್ನು ಕ್ಷಣಹೊತ್ತು ದಿಟ್ಟಿಸಿ ನೋಡಿ ಹೇಳಿದರು:

“ಬೈತಲೆ ಸ್ವಲ್ಪ ಓರೆಯಾಗಿದೆ, ಸರಿಮಾಡಿಕೊಳ್ಳಿ.”